ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ನೀರೋ, ಕಬ್ಬಿಣದ ಪ್ಲೇಟೋ? ಎರಡನ್ನೂ ಹಾಕಿ ನೋಡಿದ್ದೇನೆ

ನಮ್ಮದು ಗದಗ ಕಡೆಯ ಎರೆ ಹೊಲ, ಅಂದರೆ ಕಪ್ಪು ಮಣ್ಣಿನದು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಕಡಲೆ ಕಿತ್ತ ಮೇಲೆ ಬೇಸಿಗೆಯಲ್ಲಿ ಕರಿಕೆ ಹುಲ್ಲು ತೆಗೆಯಲು ಮಣ್ಣು ಮಗುಚಿ ಹಾಕುವ ಪಲ್ಟಿ ನೇಗಿಲು ಹೊಡೆಯುತ್ತೇವೆ. ಟ್ರ್ಯಾಕ್ಟರ್ 45 ಎಚ್‌ಪಿಯದು, ಹಿಂದಿನ ಟಯರ್ 13.6-28 ಅಳತೆಯದು. ಎಂಜಿನ್‌ನಲ್ಲಿ ಶಕ್ತಿ ಬೇಕಾದಷ್ಟಿದೆ, ಆದರೆ ನೇಗಿಲು ಮಣ್ಣಿಗೆ ಇಳಿದ ಕೂಡಲೇ ಗಾಲಿ ನಿಂತಲ್ಲೇ ತಿರುಗಲು ಶುರು. ಡೀಸೆಲ್ ಸುಡುತ್ತದೆ, ಟಯರ್ ಸವೆಯುತ್ತದೆ, ಹೊಲ ಮಾತ್ರ ಮುಗಿಯುವುದಿಲ್ಲ. ಅದಕ್ಕೇ ಹಿಂದಿನ ಗಾಲಿಗೆ ತೂಕ ಹೆಚ್ಚಿಸಿದರೆ ಹಿಡಿತ ಬರುತ್ತದೆ ಅಂತ ಒಂದು ವರ್ಷ ಟಯರಿನೊಳಗೆ ನೀರು, ಮರುವರ್ಷ ಗಾಲಿಗೆ ಕಬ್ಬಿಣದ ಪ್ಲೇಟು ಹಾಕಿ ನೋಡಿದೆ.

ಸುಮ್ನೆ ಕಣ್ಣಂದಾಜಿನಲ್ಲಿ ಹೇಳುತ್ತಿಲ್ಲ, ಅಳೆದಿದ್ದೇನೆ. ಟಯರ್ ಮೇಲೆ ಸುಣ್ಣದ ಗೆರೆ ಎಳೆದು, ನೇಗಿಲು ಎತ್ತಿಕೊಂಡು ಗಾಲಿ 10 ಸುತ್ತು ತಿರುಗುವಷ್ಟು ಹೋದಾಗ 40 ಮೀಟರ್ ಬಂತು. ಅದೇ ಹೊಲದಲ್ಲಿ ನೇಗಿಲು ಇಳಿಸಿ 10 ಸುತ್ತು ಹೋದರೆ ಬರೀ 31 ಮೀಟರ್. ಅಂದರೆ ಶೇ 22ಕ್ಕಿಂತ ಜಾಸ್ತಿ ಸ್ಲಿಪ್, ಗಾಲಿ ಜಾರಿ ಕಳೆದುಕೊಂಡ ದೂರ. ಉಳುಮೆಯಲ್ಲಿ ಶೇ 8ರಿಂದ 15ರವರೆಗೆ ಇದ್ದರೆ ಒಳ್ಳೆಯದು. ಪೂರ್ತಿ ಸೊನ್ನೆಗೆ ಇಳಿಸಲು ಹೋಗಬಾರದು, ಆಗ ತೂಕ ಅತಿಯಾಗಿದೆ ಅಂತಲೇ ಅರ್ಥ.

ನೀರು ತುಂಬಿಸುವುದು ಅಗ್ಗ. ಗಾಲಿ ಜಾಕ್ ಮೇಲೆ ಎತ್ತಿ, ವಾಲ್ವ್ ಮೇಲ್ಗಡೆ ಬರುವಂತೆ ತಿರುಗಿಸಿ, ಗಾಳಿ ಬಿಟ್ಟು, ವಾಲ್ವಿನ ಮಟ್ಟಕ್ಕೆ ನೀರು ಬರುವ ತನಕ ತುಂಬಬೇಕು. ಅಲ್ಲಿಗೆ ಸುಮಾರು ಮುಕ್ಕಾಲು ಭಾಗ ತುಂಬಿರುತ್ತದೆ, ಉಳಿದ ಜಾಗಕ್ಕೆ ಗಾಳಿ. ಚಳಿ ದೇಶಗಳಲ್ಲಿ ಹೆಪ್ಪುಗಟ್ಟದಿರಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ನಮಗೆ ಆ ಗೊಡವೆ ಇಲ್ಲ. ನಮ್ಮ ಅಳತೆಯ ಟಯರಿಗೆ ಒಂದೊಂದಕ್ಕೆ 190 ಲೀಟರ್ ಆಸುಪಾಸು ಹಿಡಿಯಿತು, ಎರಡೂ ಸೇರಿ 380 ಕೆಜಿ. ಎಳೆತ ನಿಜಕ್ಕೂ ಬದಲಾಯಿತು: 10 ಸುತ್ತಿಗೆ 35 ಮೀಟರ್. ನಾಲ್ಕು ದಿನದ ಉಳುಮೆ ಮೂರೂವರೆ ದಿನಕ್ಕೆ ಮುಗಿದಾಗ ನೀರೇ ಸೈ ಅಂದುಕೊಂಡೆ.

ತೊಂದರೆ ಗೊತ್ತಾದದ್ದು ಮುಂಗಾರಿನಲ್ಲಿ. ಬಿತ್ತುವ ಹೊತ್ತಿಗೆ ಎರೆ ಮಣ್ಣು ಒಳಗೆ ಹಸಿಯೇ ಇರುತ್ತದೆ ಅಲ್ವಾ, ಅದರ ಮೇಲೆ 380 ಕೆಜಿ ಜಾಸ್ತಿ ಹೊತ್ತ ಗಾಲಿ ಹೋದರೆ ಮಣ್ಣು ಹಲಗೆಯಂತೆ ಗಟ್ಟಿಯಾಗುತ್ತದೆ. ಗಾಲಿ ಹೋದ ಸಾಲುಗಳಲ್ಲಿ ಹೆಸರು ಗಿಡ ಗಿಡ್ಡವಾಗಿಯೇ ಉಳಿಯಿತು, ದೂರದಿಂದಲೇ ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತು. ನೋಡಿ ಬಹಳ ಬೇಜಾರಾಯಿತು. ನೀರು ಬಿಡಬಹುದಿತ್ತು, ಆದರೆ ಹದ ಬಂದ ದಿನ ಅಷ್ಟು ಪುರುಸೊತ್ತು ಯಾರಿಗಿದೆ? ಮೇಲಾಗಿ ಒಮ್ಮೆ ಜಾಲಿ ಮುಳ್ಳು ಹೊಕ್ಕು ಪಂಕ್ಚರ್ ಆದಾಗ ನೀರು ಖಾಲಿ ಮಾಡಿ ಮತ್ತೆ ತುಂಬಲು ಅರ್ಧ ದಿನ ಹೋಯಿತು. ಇನ್ನೊಂದು, ನೀರು ತುಂಬಿದ ಟಯರಿನಲ್ಲಿ ಗಾಳಿಯ ಜಾಗ ಕಡಿಮೆ, ಸ್ವಲ್ಪ ಗಾಳಿ ಹೊಡೆದರೂ ಒತ್ತಡ ಬೇಗ ಏರುತ್ತದೆ. ರಸ್ತೆಯಲ್ಲಿ ಕುಲುಕಾಟವೂ ಜಾಸ್ತಿ.

ಮರುವರ್ಷ ನೀರು ತೆಗೆಸಿ ಬೀಡು ಕಬ್ಬಿಣದ ಪ್ಲೇಟು ಹಾಕಿದೆ. ಒಂದು ಗಾಲಿಗೆ ಎರಡು, ಒಂದೊಂದು 45 ಕೆಜಿ, ಒಟ್ಟು 180. ಹಳೇವು ಸಿಕ್ಕವು, ಆದರೂ ನೀರಿನ ಮುಂದೆ ದುಬಾರಿಯೇ. ತೂಕ ನೀರಿನ ಅರ್ಧಕ್ಕಿಂತ ಕಡಿಮೆ, ಆದರೂ 34 ಮೀಟರ್ ಬಂತು, ಸ್ಲಿಪ್ ಶೇ 15. ಎಳೆತದಲ್ಲಿ ನೀರೇ ಮುಂದು, ಅನುಮಾನವೇ ಬೇಡ. ಆದರೆ ಇಬ್ಬರು ಸೇರಿದರೆ ಒಂದು ಗಂಟೆಯೊಳಗೆ ನಾಲ್ಕೂ ಪ್ಲೇಟು ಕೆಳಗೆ ಇಳಿಯುತ್ತವೆ. ಬಿತ್ತನೆಗೆ ಮುಂಚೆ ಬಿಚ್ಚಿದೆ, ಆ ವರ್ಷ ಪಟ್ಟೆ ಬೀಳಲಿಲ್ಲ. ಬೋಲ್ಟ್ ಮಾತ್ರ ಮೊದಲ ದಿನದ ಕೆಲಸ ಆದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ.

ಮೂರನೇ ದಾರಿ ಒಂದನ್ನು ಊರಲ್ಲಿ ನೋಡುತ್ತೇನೆ, ಮಡ್‌ಗಾರ್ಡ್ ಮೇಲೆ, ನೇಗಿಲ ಮೇಲೆ ಹುಡುಗರನ್ನು ಕೂರಿಸುವುದು. ದಯವಿಟ್ಟು ಬೇಡ. ಒಂದು ಹೆಂಟೆ ಹತ್ತಿ ಕುಲುಕಿದರೆ ಸಾಕು, ಮಗು ಗಾಲಿ ಕೆಳಗೆ ಹೋಗುತ್ತದೆ.

ಮಣ್ಣು ಪುಡಿ ಮಾಡುವ ರೋಟಾವೇಟರ್‌ಗೆ ಹಿಂದೆ ತೂಕ ಬೇಕಾಗುವುದೇ ಇಲ್ಲ, ಅದರ ತಿರುಗುವ ಬ್ಲೇಡುಗಳೇ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತವೆ. ಗದ್ದೆಯಲ್ಲಿ ಕೇಜ್ ವೀಲ್ (ಕಬ್ಬಿಣದ ಪಂಜರದಂಥ ಗಾಲಿ) ಹಾಕಿ ರೊಳ್ಳೆ, ಅಂದರೆ ಕೆಸರು ಮಾಡುವವರಂತೂ ಪ್ಲೇಟು, ನೀರು ಎರಡನ್ನೂ ತೆಗೆಯಬೇಕು, ಇಲ್ಲದಿದ್ದರೆ ಹೂತುಕೊಳ್ಳುತ್ತದೆ. ತುಂಬಿದ ಟ್ರಾಲಿ ಎಳೆದು ಏರು ಹತ್ತುವವರಿಗೆ ಬೇಕಾದದ್ದು, ಮುಂಭಾಗ ಮೇಲೇಳದಿರಲಿ ಅಂತ, ಮುಂದಿನ ಬಂಪರ್ ತೂಕ.

ಬಾಡಿಗೆಗೆ ಬೇಸಿಗೆಯೆಲ್ಲ ಪಲ್ಟಿ ಹೊಡೆಯುವವರು ನೀರು ತುಂಬಿಸಿ, ಅವರಿಗೆ ಅದೇ ಲಾಭ. ಒಂದೇ ಟ್ರ್ಯಾಕ್ಟರಿನಲ್ಲಿ ಉಳುಮೆ, ಬಿತ್ತನೆ, ಎಡೆ (ಸಾಲಿನ ನಡುವೆ ಕಳೆ ತೆಗೆಯುವುದು) ಎಲ್ಲಾ ಮಾಡುವ ನಮ್ಮಂಥವರಿಗೆ ಪ್ಲೇಟೇ ಸರಿ. ಈ ಸಲ ಕಡಲೆ ಕಿತ್ತ ಮೇಲೆ ಒಂದೊಂದು ಗಾಲಿಗೆ ಮೂರನೇ ಪ್ಲೇಟು ಹಾಕಿ ಅದೇ ಹೊಲದಲ್ಲಿ ಮತ್ತೆ ಸುಣ್ಣದ ಗೆರೆ ಎಳೆಯುವವನಿದ್ದೇನೆ, 35 ಮುಟ್ಟುತ್ತದಾ ನೋಡಬೇಕು.