ಊಟಿನಾ, ಕೊಡೈಕೆನಾಲಾ? ಎರಡೂ ಸುತ್ತಿ ಬಂದೋರ ಮಾತು ಕೇಳಿ

ಬೆಂಗಳೂರಿಂದ ಎರಡೇ ದಿನ ರಜೆ ಇದ್ರೆ ಯೋಚ್ನೆನೇ ಬೇಡ, ಊಟಿಗೆ ಹೋಗಿ. ಮೈಸೂರು, ಗುಂಡ್ಲುಪೇಟೆ, ಬಂಡೀಪುರ ದಾಟಿದ್ರೆ ಆಯ್ತು, ಆದ್ರೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರೋಡ್ ಕ್ಲೋಸು ಅನ್ನೋದು ನೆನಪಿರ್ಲಿ. ಕೊಡೈ ಅಂದ್ರೆ ಸೇಲಂ, ದಿಂಡಿಗಲ್ ಮೇಲೆ ಹೆಚ್ಚುಕಮ್ಮಿ 460 ಕಿಲೋಮೀಟರ್, ಬೆನ್ನು ಬಿದ್ದೋಗತ್ತೆ.

ಆದ್ರೂ ಕೆರೆ ವಿಷಯಕ್ಕೆ ಬಂದ್ರೆ ನನ್ ವೋಟು ಕೊಡೈಗೇ. ನಕ್ಷತ್ರದ ಆಕಾರದ ಕೆರೆ, ಸುತ್ತ ಸುಮಾರು 5 ಕಿಲೋಮೀಟರ್ ರೋಡು, ಬೆಳಿಗ್ಗೆ ಬಾಡಿಗೆ ಸೈಕಲ್ ತಗೊಂಡು ಹೊರಟ್ವಿ ನೋಡಿ, ಮಂಜಲ್ಲಿ ಮುಂದೆ ಹೋಗ್ತಿದ್ದ ನಮ್ಮೆಜಮಾನ್ರೇ ಕಾಣ್ತಿರ್ಲಿಲ್ಲ ಬರೀ ಬೆಲ್ ಸೌಂಡ್ ಕೇಳಿಸ್ತಿತ್ತು, ಆಮೇಲೆ ದಡದಲ್ಲಿ ಮೆಣಸಿನಪುಡಿ ಹಚ್ಚಿದ ಬಿಸಿ ಜೋಳ, ಆಹಾ! ಊಟಿ ಕೆರೆ ಹತ್ರ ಬರೀ ಜಾತ್ರೆ, ಕುದುರೆ, ಹಾರ್ನು.

ಮಕ್ಕಳಿದ್ರೆ ಮಾತ್ರ ಊಟಿನೇ ಗೆಲ್ಲತ್ತೆ, ಪುಟಾಣಿ ರೈಲು ಕೊಡೈಲಿ ಎಲ್ಲಿಂದ ತರ್ತೀರ? ಟಿಕೆಟ್ ಮೊದ್ಲೇ ಬುಕ್ ಮಾಡ್ಕೊಳ್ಳಿ.

ಕೊಡೈಲಿ ನಾವಿದ್ದ ರೂಮಲ್ಲಿ ಗೀಸರ್ ಕೈಕೊಟ್ಟು ಎರಡು ದಿನ ಬಕೆಟ್‌ನಲ್ಲಿ ಬಿಸಿನೀರು ಹೊತ್ತಿದ್ದು ಬೇರೆ ಕಥೆ, ಅದಕ್ಕೆ ಊರಿಗೆ ಮಾರ್ಕ್ಸ್ ಕಟ್ ಮಾಡಲ್ಲ. ಎರಡಕ್ಕೂ ಗಾಡಿಗೆ ಇ-ಪಾಸ್ ರೂಲ್ಸ್ ಚೆಕ್ ಮಾಡಿ ಹೊರಡಿ, ಸ್ವೆಟರ್ ಮರೀಬೇಡಿ.