ಸ್ಟೂಲ್ ಟೆಸ್ಟಿನ ಫಿಲ್ಟರ್ ಟ್ಯೂಬ್ ಕಿಟ್: ಬಳಸಿದ ಮೇಲೆ ಅನಿಸಿದ್ದು

ಮಲದಲ್ಲಿ ಹುಳುವಿನ ಮೊಟ್ಟೆ, ಸಿಸ್ಟ್ (ಅಮೀಬಾದಂಥ ಸೂಕ್ಷ್ಮಜೀವಿಗಳ ಗಟ್ಟಿ ಕವಚದ ರೂಪ) ಹುಡುಕುವ ಲ್ಯಾಬ್‌ನವರಿಗೆ ಈ ಕಿಟ್ ಬಗ್ಗೆ ಹೇಳಲೇಬೇಕು. ನನಗೆ ಇಷ್ಟವಾಗಿದೆ. ಆದರೆ ಇದೊಂದಿದ್ದರೆ ಸಾಕು ಅಂತ ಮಾರುವವರು ಹೇಳಿದರೆ ನಂಬಬೇಡಿ.

ಸುಮ್ನೆ ಸಲೈನ್‌ನಲ್ಲಿ ಬೆರೆಸಿ ನೋಡುವ ವೆಟ್ ಮೌಂಟ್‌ನಲ್ಲಿ ಸುಮಾರು 2 ಮಿಲಿಗ್ರಾಂ ಮಲ ಮಾತ್ರ ಲೆನ್ಸ್ ಕೆಳಗೆ ಬರುತ್ತದೆ. ಹುಳು ಕಡಿಮೆ ಇದ್ದರೆ ಅಷ್ಟರಲ್ಲಿ ಮೊಟ್ಟೆ ಸಿಗೋದು ಅದೃಷ್ಟ. ಅದಕ್ಕೇ ಕಾನ್ಸಂಟ್ರೇಶನ್ ಬೇಕು, ಅಂದರೆ ಜಾಸ್ತಿ ಮಲದಲ್ಲಿರುವ ಮೊಟ್ಟೆಗಳನ್ನು ಒಂದೆಡೆ ಸೇರಿಸೋದು. 1948ರಲ್ಲಿ ರಿಚಿ ಬರೆದ ಫಾರ್ಮಲಿನ್-ಈಥರ್ ವಿಧಾನವೇ ಈ ಕಿಟ್‌ಗೂ ಮೂಲ. ಈಥರ್ ಬದಲು ಈಥೈಲ್ ಅಸಿಟೇಟ್, ಬಟ್ಟೆ ಮತ್ತು ಫನೆಲ್ ಬದಲು ಟ್ಯೂಬ್ ಒಳಗೇ ಜಾಲರಿ, ಅಷ್ಟೇ ವ್ಯತ್ಯಾಸ. ಬಟಾಣಿ ಗಾತ್ರದ ಮಲವನ್ನು ಫಾರ್ಮಲಿನ್‌ಗೆ ಹಾಕಿ, ಈಥೈಲ್ ಅಸಿಟೇಟ್ ಸೇರಿಸಿ, ಮುಚ್ಚಿ, ಚೆನ್ನಾಗಿ ಕುಲುಕಿ, ತಲೆಕೆಳಗು ಮಾಡಿ ಸೋಸಿ, ಜೋರಾಗಿ ತಿರುಗಿಸುವ ಸೆಂಟ್ರಿಫ್ಯೂಜ್‌ಗೆ ಇಟ್ಟರೆ ಮೇಲೆ ದ್ರಾವಕ, ಅದರ ಕೆಳಗೆ ಕೊಬ್ಬು-ಕಸದ ಪದರ, ಆಮೇಲೆ ಫಾರ್ಮಲಿನ್, ತಳದಲ್ಲಿ ನಮಗೆ ಬೇಕಾದ ಗಸಿ. ಎಲ್ಲವೂ ಮುಚ್ಚಿದ ಟ್ಯೂಬ್ ಒಳಗೇ ನಡೆಯುವುದರಿಂದ ವಾಸನೆ ಕಡಿಮೆ, ಕೈಗೆ ತಾಗೋದೂ ಕಡಿಮೆ. ದಿನವಿಡೀ ಇದೇ ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಸ್ಲೈಡ್ ಸ್ವಚ್ಛವಾಗಿರುತ್ತದೆ. ಕೊಕ್ಕೆಹುಳು, ಚಾಟಿಹುಳು, ದುಂಡುಹುಳುವಿನ ಮೊಟ್ಟೆ ಚೆನ್ನಾಗಿ ಸಿಗುತ್ತವೆ. ದುಂಡುಹುಳುವಿನ ಫಲಿಸದ ಮೊಟ್ಟೆ ಭಾರ. ಉಪ್ಪುನೀರಲ್ಲಿ ತೇಲಿಸುವ ವಿಧಾನದಲ್ಲಿ ತಪ್ಪಿಹೋಗುತ್ತದೆ, ಇಲ್ಲಿ ತಳಕ್ಕೆ ಬಂದು ಕೂರುತ್ತದೆ. ಅಯೋಡಿನ್ ಒಂದು ಹನಿ ಹಾಕಿದರೆ ಜಿಯಾರ್ಡಿಯಾ ಸಿಸ್ಟ್ ಕೂಡ ಸ್ಪಷ್ಟ.

ಇನ್ನು ತೊಂದರೆಗಳು. ಕಿಟ್ ಹಾಳೆಯಲ್ಲಿ ಸೆಂಟ್ರಿಫ್ಯೂಜ್ ವೇಗ 500 ಜಿ (ಗುರುತ್ವಾಕರ್ಷಣೆಯ 500 ಪಟ್ಟು ಬಲ) ಅಂತ ಇರುತ್ತದೆ, ಆದರೆ ನಮ್ಮ ಯಂತ್ರದ ಮೇಲೆ ಇರೋದು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು). ರೋಟರ್ ತ್ರಿಜ್ಯ ಅಳೆದು ಲೆಕ್ಕ ಹಾಕಲೇಬೇಕು. ವೇಗ ಅಥವಾ ಸಮಯ ಕಡಿಮೆಯಾದರೆ 4ರಿಂದ 6 ಮೈಕ್ರಾನ್‌ನ ಕ್ರಿಪ್ಟೋಸ್ಪೊರಿಡಿಯಂ (ಭೇದಿ ತರುವ ಒಂದು ಸೂಕ್ಷ್ಮ ಪರಾವಲಂಬಿ) ತಳಕ್ಕೆ ಇಳಿಯುವುದೇ ಇಲ್ಲ. ಇಳಿದರೂ ಆಸಿಡ್-ಫಾಸ್ಟ್ ಬಣ್ಣ ಹಾಕದೆ ಗುರುತು ಹಿಡಿಯೋದು ಕಷ್ಟ. ಲೋಳೆ ಜಾಸ್ತಿ ಇರುವ ಸ್ಯಾಂಪಲ್‌ಗೆ ಜಾಲರಿ ಕಟ್ಟಿಕೊಳ್ಳುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ಫಾರ್ಮಲಿನ್‌ಗೆ ಹಾಕಿದರೆ ಅಮೀಬಾ, ಲಾರ್ವಾಗಳು ಸಾಯುತ್ತವೆ. ನೀರಾದ ಭೇದಿಯಲ್ಲಿ ಓಡಾಡುವ ಅಮೀಬಾ ನೋಡಬೇಕಿದ್ದರೆ ಅರ್ಧ ಗಂಟೆಯೊಳಗೆ ತಾಜಾ ವೆಟ್ ಮೌಂಟ್ ಮಾಡಲೇಬೇಕು, ಬೇರೆ ದಾರಿ ಇಲ್ಲ. ಸ್ಟ್ರಾಂಗಿಲಾಯ್ಡಿಸ್ ಎಂಬ ಕರುಳಿನ ಹುಳುವಿನ ಲಾರ್ವಾಗೆ (ಮರಿಗೆ) ತಾಜಾ ಮಲದಲ್ಲಿ ಅಗಾರ್ ಪ್ಲೇಟ್ ಕಲ್ಚರ್ (ಜೆಲ್ಲಿಯಂಥ ಪದರದ ಮೇಲೆ ಬೆಳೆಸಿ ನೋಡೋದು) ಉತ್ತಮ. ಇದನ್ನು ಬಿಟ್ಟು, ಸ್ಟೀರಾಯ್ಡ್ ಶುರು ಮಾಡಬೇಕಾದ ರೋಗಿಗೆ ಈ ಕಿಟ್ ನೋಡಿ ನೆಗೆಟಿವ್ ಅಂತ ಬರೆದುಕೊಟ್ಟರೆ ಅವರ ಪ್ರಾಣಕ್ಕೇ ಅಪಾಯ, ಯಾಕೆಂದರೆ ರೋಗನಿರೋಧಕ ಶಕ್ತಿ ಕುಗ್ಗಿದಾಗ ಆ ಹುಳು ದೇಹದೊಳಗೇ ಹೆಚ್ಚುತ್ತಾ ಹೋಗುತ್ತದೆ. ನಾಲ್ಕು ನ್ಯೂಕ್ಲಿಯಸ್‌ನ ಸಿಸ್ಟ್ ಕಂಡರೂ ಅದು ರೋಗ ತರುವ ಅಮೀಬಾ ಹಿಸ್ಟೊಲಿಟಿಕಾನಾ, ತೊಂದರೆ ಕೊಡದ ಡಿಸ್ಪಾರಾ ಅಂತ ಮೈಕ್ರೋಸ್ಕೋಪ್ ಹೇಳಲ್ಲ. ಅದಕ್ಕೆ ಆಂಟಿಜನ್ ಪರೀಕ್ಷೆ ಅಥವಾ ಪಿಸಿಆರ್ (ಡಿಎನ್‌ಎ ಪರೀಕ್ಷೆ) ಬೇಕು, ಅದಕ್ಕಾಗಿ ಫಾರ್ಮಲಿನ್ ಹಾಕದ ಸ್ವಲ್ಪ ಮಲ ಬೇರೆ ಎತ್ತಿಡಿ.

ಪಿನ್‌ವರ್ಮ್‌ಗೆ ಈ ಕಿಟ್ ಬೇಡವೇ ಬೇಡ. ಬೆಳಗ್ಗೆ ಸ್ನಾನಕ್ಕೆ ಮೊದಲು ಗುದದ್ವಾರದ ಸುತ್ತ ಅಂಟುಟೇಪ್ ಒತ್ತಿ ನೋಡಿದರೆ ಸಾಕು. ಮೊಟ್ಟೆ ಎಣಿಸಬೇಕಿದ್ದರೆ ಕಾಟೊ-ಕಾಟ್ಜ್ ಎಂಬ ದಪ್ಪ ಲೇಪದ ವಿಧಾನ ಮಾಡಿ. ಅದರಲ್ಲಿ 41.7 ಮಿಲಿಗ್ರಾಂ ಮಲ, ಎಣಿಸಿದ್ದನ್ನು 24ರಿಂದ ಗುಣಿಸಿದರೆ ಒಂದು ಗ್ರಾಂಗೆ ಎಷ್ಟು ಅಂತ ಸಿಗುತ್ತದೆ.

ಒಟ್ಟಿನಲ್ಲಿ ಐದಕ್ಕೆ ನಾಲ್ಕು ಸ್ಟಾರ್. ರೋಗಿಯಿಂದ ಒಂದೇ ಸ್ಯಾಂಪಲ್ ತಗೊಂಡು ಮುಗಿಸಬೇಡಿ, ಮೊಟ್ಟೆ, ಸಿಸ್ಟ್ ದಿನಾ ಒಂದೇ ಸಮ ಬರೋದಿಲ್ಲ, ದಿನ ಬಿಟ್ಟು ದಿನ ಮೂರು ಕೇಳಿ. ಕೊಳ್ಳುವಾಗ ಈಥೈಲ್ ಅಸಿಟೇಟ್ ಜೊತೆಗೇ ಬರುತ್ತದಾ ಅಂತ ವಿಚಾರಿಸಿ, ಬೇಗ ಹೊತ್ತಿಕೊಳ್ಳುವ ದ್ರವ ಅದು, ಇಡೋಕೆ ಸರಿಯಾದ ಜಾಗ ಮೊದಲೇ ನೋಡಿಕೊಂಡಿರಿ.