ಹಳೇ ಕಾರಿಗೆ ಇನ್ನೊಂದು ಫ್ಯೂಸ್ ಬಾಕ್ಸ್: ಹಾಕಿ ನೋಡಿದ್ದರಲ್ಲಿ ಯಾವುದು ಮೇಲು?

ಮಾರಿಸ್ ಮೈನರ್ ಅನ್ನುವ ಹಳೇ ಬ್ರಿಟಿಷ್ ಕಾರಿನ ಬಾನೆಟ್ ಎತ್ತಿದರೆ ಕಾಣುವ ಫ್ಯೂಸ್ ಎರಡೇ ಎರಡು. ಒಂದು, ಹಾರ್ನ್‌ನಂಥ ಯಾವಾಗಲೂ ಕರೆಂಟ್ ಬೇಕಾದವುಗಳಿಗೆ. ಇನ್ನೊಂದು, ಕೀ ತಿರುಗಿಸಿದ ಮೇಲೆ ಕೆಲಸ ಮಾಡುವ ವೈಪರ್, ಇಂಡಿಕೇಟರ್, ಬ್ರೇಕ್ ಲೈಟ್ ಮುಂತಾದವಕ್ಕೆ. ಹೆಡ್‌ಲೈಟಿಗೆ ಫ್ಯೂಸೇ ಇಲ್ಲ. ವಯಸ್ಸಾದ ವೈರಿನ ಹೊದಿಕೆ ಬಿರುಕು ಬಿಟ್ಟು ಕಾರಿನ ತಗಡಿಗೆ ತಾಗಿತು ಅಂದುಕೊಳ್ಳಿ, ತಡೆಯುವವರು ಯಾರೂ ಇಲ್ಲ, ವೈರೇ ಸುಡಬೇಕು. ಅದಕ್ಕೇ ಇಂಥ ಕಾರಿಗೆ ಹೆಚ್ಚುವರಿ ಫ್ಯೂಸ್ ಬಾಕ್ಸ್ ಹಾಕುವುದು ಶೋಕಿಯಲ್ಲ, ಅಗತ್ಯ ಅಂತ ನನ್ನ ನಂಬಿಕೆ.

ಮೊದಲು ಎಲ್ಲರ ಕೈಗೂ ಸಿಗುವುದು ಇನ್‌ಲೈನ್ ಹೋಲ್ಡರ್. ವೈರಿನ ಮಧ್ಯೆ ಒಂದೊಂದೇ ಫ್ಯೂಸ್. ರೇಡಿಯೋ ಒಂದಕ್ಕೆ ಸಾಕು. ನಾಲ್ಕೈದು ಆದರೆ ಬ್ಯಾಟರಿ ಹತ್ತಿರ ವೈರುಗಳ ಗೊಂಚಲು ನೇತಾಡುತ್ತದೆ, ರಾತ್ರಿ ದಾರಿಯಲ್ಲಿ ನಿಂತಾಗ ಯಾವುದು ಯಾವುದಕ್ಕೆ ಅಂತ ತಿಳಿಯುವುದಿಲ್ಲ. ಅಷ್ಟೇ ಅದರ ಕಥೆ.

ಎರಡನೆಯದು ಗಾಜಿನ ಫ್ಯೂಸಿನ ಬಾಕ್ಸ್. ನೋಡಲು ಕಾರಿನ ಜೊತೆ ಹುಟ್ಟಿದ ಹಾಗೇ ಕಾಣುತ್ತದೆ, ಅದು ನನಗೂ ಇಷ್ಟ. ಆದರೆ ಗಾಜಿನ ಫ್ಯೂಸನ್ನು ಹಿಡಿಯುವ ಕ್ಲಿಪ್‌ಗಳು ಕಾಲ ಕಳೆದಂತೆ ಬಿಗಿ ಕಳೆದುಕೊಳ್ಳುತ್ತವೆ, ಮೇಲೆ ಕಿಲುಬು ಕೂರುತ್ತದೆ. ಹೆಡ್‌ಲೈಟ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಕ್ಲಿಪ್ ಮುಟ್ಟಿದರೆ ಬಿಸಿ ಗೊತ್ತಾಗುತ್ತಿತ್ತು. ಆ ಬಿಸಿ ಅಂದರೆ ಬಲ್ಬಿಗೆ ತಲುಪಬೇಕಾದ ವೋಲ್ಟೇಜ್ ಅಲ್ಲೇ ಸೋರುತ್ತಿದೆ ಅಂತ ಅರ್ಥ. ಇನ್ನೊಂದು ಎಚ್ಚರಿಕೆ: ಲೂಕಾಸ್ (ಇಂಥ ಕಾರುಗಳ ಎಲೆಕ್ಟ್ರಿಕ್ ಭಾಗ ಮಾಡುತ್ತಿದ್ದ ಕಂಪನಿ) ಕಂಪನಿಯ ಹಳೇ ಫ್ಯೂಸಿನ ಮೇಲಿನ 35 ಅನ್ನುವುದು ಫ್ಯೂಸ್ ಕರಗುವ ಮಟ್ಟ. ಸತತವಾಗಿ ಹರಿಯಬಹುದಾದದ್ದು ಅದರ ಅರ್ಧದಷ್ಟು, ಸುಮಾರು 17 ಆಂಪ್. ಅದರ ಜಾಗಕ್ಕೆ ಸತತ 35 ಆಂಪ್ ತಾಳುವ ಬೇರೆ ಫ್ಯೂಸ್ ಹಾಕಿದರೆ ವೈರಿಗೆ ಇದ್ದ ಕಾವಲೂ ಹೋಯಿತು.

ಮೂರನೆಯದು ಈಗಿನ ಬ್ಲೇಡ್ ಫ್ಯೂಸ್ ಬಾಕ್ಸ್. ಇದರ ಹಿಡಿತದಲ್ಲೇ ವ್ಯತ್ಯಾಸ ಇದೆ. ಎರಡು ಚಪ್ಪಟೆ ಕಾಲು, ಎರಡೂ ಕಡೆಯಿಂದ ಒತ್ತಿ ಹಿಡಿಯುವ ಕಂಚಿನ ಪಟ್ಟಿ. ಅದೇ ಹೆಡ್‌ಲೈಟ್, ಅದೇ ಹೊತ್ತು, ಮುಟ್ಟಿದರೆ ಬಿಸಿ ಅನ್ನಿಸಲೇ ಇಲ್ಲ. ಬಣ್ಣ ನೋಡಿದರೇ ಲೆಕ್ಕ ಗೊತ್ತಾಗುತ್ತದೆ: ಕೆಂಪು 10, ನೀಲಿ 15, ಹಳದಿ 20 ಆಂಪ್. 60 ವ್ಯಾಟಿನ ಎರಡು ಬಲ್ಬಿಗೆ 12 ವೋಲ್ಟಿನಲ್ಲಿ 10 ಆಂಪ್ ಬೇಕು. ಎರಡಕ್ಕೂ ಸೇರಿಸಿ ಒಂದೇ ಫ್ಯೂಸ್ ಹಾಕಬೇಡಿ. ಎಡಕ್ಕೊಂದು, ಬಲಕ್ಕೊಂದು ಕೊಡಿ. ಒಂದು ಹೋದರೂ ಇನ್ನೊಂದು ದೀಪ ಉರಿಯುತ್ತಿರುತ್ತದೆ. ಕತ್ತಲ ತಿರುವಿನಲ್ಲಿ ಎರಡೂ ಒಟ್ಟಿಗೆ ಆರಿಹೋದರೆ ಏನು ಗತಿ, ಅಲ್ವಾ?

ಹಾಗಂತ ಬ್ಲೇಡ್ ಬಾಕ್ಸ್ ತಂದು ಸುಮ್ನೆ ಬ್ಯಾಟರಿಗೆ ಜೋಡಿಸಿದರೆ ಕೆಲಸ ಮುಗಿಯುವುದಿಲ್ಲ. ಬಾಕ್ಸಿಗೆ ಕರೆಂಟ್ ಎಲ್ಲಿಂದ ಬರುತ್ತದೆ ಅನ್ನುವುದೇ ಇಡೀ ಹೋಲಿಕೆಯ ತಿರುಳು. ನೇರ ಬ್ಯಾಟರಿಯಿಂದ ಕೊಟ್ಟರೆ ಎಲ್ಲವೂ ಸದಾ ಜೀವಂತ. ರೇಡಿಯೋ ಆರಿಸಲು ಮರೆತರೆ ಬೆಳಿಗ್ಗೆ ಬ್ಯಾಟರಿ ಡೌನ್. ಇಗ್ನಿಷನ್ ಸ್ವಿಚ್ ಮೂಲಕ ಕೊಟ್ಟರೆ ಆ ತೊಂದರೆ ಇಲ್ಲ, ಆದರೆ ಅರವತ್ತು ವರ್ಷದ ಸ್ವಿಚ್ಚಿನ ಸಣ್ಣ ಕಾಂಟ್ಯಾಕ್ಟ್‌ಗಳ ಮೇಲೆ ಹೊಸ ಹೊರೆಯೆಲ್ಲ ಬೀಳುತ್ತದೆ.

ಇವೆರಡರ ಮಧ್ಯೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್, ನಿಂತಾಗ ಕಾರಿನ ಸ್ವಭಾವವೇ ಬದಲಾಯಿತು. ಬ್ಯಾಟರಿಯಿಂದ ಬಂದ ದಪ್ಪ ವೈರ್ ರಿಲೇಯ 30ನೇ ನಂಬರಿನ ಕಾಲಿಗೆ, 87ರಿಂದ ಬಾಕ್ಸಿಗೆ. 86ಕ್ಕೆ ಕೀ ತಿರುಗಿಸಿದಾಗ ಬರುವ ಕರೆಂಟ್, 85 ಅರ್ತ್‌ಗೆ, ಅಂದರೆ ಕಾರಿನ ಲೋಹದ ಮೈಗೆ. ರಿಲೇ ಸುರುಳಿ ಎಳೆಯುವುದು ಒಂದು ಆಂಪಿನಲ್ಲಿ ಆರೇಳನೇ ಒಂದು ಪಾಲಿನಷ್ಟು, ಆದ್ದರಿಂದ ಹಳೇ ಸ್ವಿಚ್ ಹಾಯಾಗಿರುತ್ತದೆ. ಗಡಿಯಾರ, ಹಜಾರ್ಡ್ ಲೈಟಿನಂಥವು ಕೀ ತೆಗೆದ ಮೇಲೂ ಬೇಕು. ಅದಕ್ಕೆ ಒಳಗಿನ ಪಟ್ಟಿ ಎರಡು ಭಾಗವಾಗಿರುವ ಬಾಕ್ಸ್ ಆರಿಸಿ: ಒಂದರ್ಧ ನೇರ ಬ್ಯಾಟರಿಗೆ, ಇನ್ನರ್ಧ ರಿಲೇಗೆ. ನಾನು ಉಳಿಸಿಕೊಂಡಿರುವುದು ಇದನ್ನೇ. ಬೇರೆಯವರು ಕೇಳಿದರೂ ಇದನ್ನೇ ಹೇಳುತ್ತೇನೆ.

ಬ್ಯಾಟರಿಯಿಂದ ಬಾಕ್ಸಿನವರೆಗಿನ ವೈರಿಗೂ ಕಾವಲು ಬೇಕು. ಬ್ಯಾಟರಿಯಿಂದ ಒಂದು ಗೇಣಿನೊಳಗೆ 30 ಆಂಪಿನ ಮುಖ್ಯ ಫ್ಯೂಸ್, ಅಲ್ಲಿಂದ 6 ಚದರ ಮಿಲಿಮೀಟರ್ ವೈರ್. ತಗಡಿನ ತೂತಿನಲ್ಲಿ ಹಾಯುವ ಕಡೆ ರಬ್ಬರ್ ಬುಷ್ ಇರಲೇಬೇಕು. ಫ್ಯೂಸ್ ಕಾಯುವುದು ವೈರನ್ನು, ರೇಡಿಯೋವನ್ನಲ್ಲ. ಹಾಗಾಗಿ ವೈರಿನ ದಪ್ಪ ನೋಡಿ ಫ್ಯೂಸ್ ಹಾಕಿ.

ಎಷ್ಟು ಮನೆಯ, ಅಂದರೆ ಎಷ್ಟು ಫ್ಯೂಸ್ ಕೂರುವ ಬಾಕ್ಸ್? ಹನ್ನೆರಡು ಮನೆಯದು ನೋಡಿದರೆ ಆಸೆ ಆಗುತ್ತದೆ. ಆದರೆ ಎಂಜಿನ್ ತಿರುಗಿಸಿ ಕರೆಂಟ್ ಹುಟ್ಟಿಸುವ ಲೂಕಾಸ್ ಸಿ40 ಡೈನಮೋ ಕೊಡುವುದೇ ಹೆಚ್ಚೆಂದರೆ 22 ಆಂಪ್. ಹೆಡ್‌ಲೈಟೇ 10 ತಿನ್ನುತ್ತದೆ. ಇಗ್ನಿಷನ್, ವೈಪರ್, ಹಿಂದಿನ ದೀಪ ಸೇರಿದರೆ ಮಿಗುವುದು ಎಷ್ಟು? ಡೈನಮೋ ಇರುವವರೆಗೆ ಆರು ಮನೆ ಸಾಕು. ಡೈನಮೋ ತೆಗೆದು ಹೆಚ್ಚು ಕರೆಂಟ್ ಕೊಡುವ ಆಲ್ಟರ್ನೇಟರ್ ಹಾಕಿದ ಮೇಲೆ ಜಾಸ್ತಿ ಯೋಚನೆ ಮಾಡಿ.

ಕಾರು ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ಕಡೆ ಕಾರಿನ ಮೈಗೆ ಸೇರಿರುವುದು) ಆಗಿದ್ದರೆ ಇನ್ನೆರಡು ವಿಷಯ. ಫ್ಯೂಸ್ ಹೋದರೆ ಸಣ್ಣ ಎಲ್‌ಇಡಿ ಹೊತ್ತಿಕೊಳ್ಳುವ ಬಾಕ್ಸ್‌ಗಳಲ್ಲಿ ಆ ದೀಪ ಉರಿಯುವುದಿಲ್ಲ, ಫ್ಯೂಸ್ ಮಾತ್ರ ಎಂದಿನಂತೆ ಕೆಲಸ ಮಾಡುತ್ತದೆ. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇ ಬೇಡವೇ ಬೇಡ: 85, 86 ಮೇಲೆ ಹೇಳಿದ ಹಾಗೇ ಜೋಡಿಸಿದರೆ ಡಯೋಡ್ ಮೂಲಕ ನೇರ ಶಾರ್ಟ್ ಆಗುತ್ತದೆ. ಡಯೋಡ್ ಇಲ್ಲದ ಮಾಮೂಲಿ ರಿಲೇ ತೆಗೆದುಕೊಳ್ಳಿ.

ಬಾಕ್ಸನ್ನು ಡ್ಯಾಶಿನ ಕೆಳಗೆ, ನೀರು ಬೀಳದ ಕಡೆ, ಮೊದಲೇ ಇರುವ ಬೋಲ್ಟಿಗೆ ಪಟ್ಟಿ ಕೊಟ್ಟು ನಿಲ್ಲಿಸಬಹುದು, ಹೊಸ ತೂತು ಬೇಕಿಲ್ಲ. ವೈರಿನ ಬಣ್ಣವೂ ಹಳೇ ಪದ್ಧತಿಯದೇ ಇರಲಿ: ಸದಾ ಕರೆಂಟ್ ಇರುವುದಕ್ಕೆ ಕಂದು, ಅದು ಫ್ಯೂಸ್ ದಾಟಿದ ಮೇಲೆ ನೇರಳೆ, ಕೀ ಮೂಲಕ ಬರುವುದಕ್ಕೆ ಬಿಳಿ, ಅದು ಫ್ಯೂಸ್ ದಾಟಿದ ಮೇಲೆ ಹಸಿರು, ಅರ್ತ್‌ಗೆ ಕಪ್ಪು.